ಕಾಲುವೆಯ ದಂಡೆ ಹಿಡಿದು ಬಾ

ಗಂಗಾವತಿ
ಕಾರ್ತಿಕ ಮಾಸ

ಪ್ರಿಯ ಗೆಳೆಯನಿಗೆ ನಮಸ್ಕಾರಗಳು.

ನಿನ್ನ ಪತ್ರ ತಲುಪಿತು. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಏಳು ತಿಂಗಳಾಯಿತೆಂದೂ, ದಿನವೂ ನಡೆಯಬೇಕು ಆದರೆ ಏರು ಹತ್ತಬಾರದು, ಮೆಟ್ಟಿಲು ಇಳಿಯಬಾರದು ಎಂದು ವೈದ್ಯರು ಹೇಳಿದ್ದಾರೆಂದೂ ಬರೆದಿದ್ದೀಯೆ. ‘ಬೆಟ್ಟದ ಊರಿಗೆ ಬಂದು ಇನ್ನೇನು ಮಾಡಲಿ’ ಎಂಬ ನಿನ್ನ ಕೊನೆಯ ಸಾಲನ್ನು ಓದಿ ಎರಡು ದಿನ ಮನಸ್ಸು ಸರಿಯಿರಲಿಲ್ಲ. ಅಂಜನಾದ್ರಿಯ 575 ಮೆಟ್ಟಿಲುಗಳನ್ನು ನನಗಿಂತ ಮೊದಲೇ ಹತ್ತಿ, ಮೇಲಿನಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದವನು ನೀನು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಆದರೆ ನಾವಿಬ್ಬರೂ ಆಗ ಬೆಟ್ಟಗಳನ್ನು ಮಾತ್ರ ನೋಡಿದೆವು, ಅವುಗಳ ಬುಡದಲ್ಲಿ ಹರಿಯುವ ನೀರನ್ನು ನೋಡಲಿಲ್ಲ. ಆದ್ದರಿಂದ ಈ ಸಲ ವೈನಿಯವರನ್ನೂ ಕರೆದುಕೊಂಡು ನೀನು ಬರಲೇಬೇಕು ಎಂದು ಒತ್ತಾಯಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಾಲುವೆ ತೋಡುವವರು ಗುಡ್ಡ ಎದುರಾದಲ್ಲಿ ಅದನ್ನು ಹತ್ತದೆ ಬಳಸಿಕೊಂಡು ಹೋಗುತ್ತಾರೆ, ತಗ್ಗು ಬಂದಲ್ಲಿ ಒಡ್ಡು ಹಾಕಿ ಮಟ್ಟ ಉಳಿಸಿಕೊಳ್ಳುತ್ತಾರೆ. ನೀರು ಮುಂದೆ ಸರಿಯಲು ಬೇಕಾದಷ್ಟೇ ಇಳಿಜಾರನ್ನು ಬಿಟ್ಟು ಉಳಿದ ದಾರಿಯನ್ನೆಲ್ಲ ಸಮತಟ್ಟಾಗಿಯೇ ಇಡುತ್ತಾರೆ. ಹೀಗಾಗಿ ಕಾಲುವೆಯ ದಂಡೆಯ ಮೇಲೆ ನಡೆಯುವವನಿಗೆ, ಸುತ್ತ ಎಂಥ ಬಂಡೆಗಳ ರಾಶಿಯಿದ್ದರೂ, ಮೊಣಕಾಲಿಗೆ ಭಾರವಾಗುವ ಏರಿಳಿತ ಸಿಗುವುದಿಲ್ಲ. ನಮ್ಮ ಕೊಪ್ಪಳ ಜಿಲ್ಲೆಯ ನದಿದಂಡೆಯಲ್ಲಿ ಇಂಥ ದಾರಿಗಳಿಗೆ ಕೊರತೆಯಿಲ್ಲ. ಕಳೆದ ವರ್ಷ ನನ್ನ ರಕ್ತದೊತ್ತಡ ಹೆಚ್ಚಾಗಿ ನಡಿಗೆ ಅನಿವಾರ್ಯವಾದಾಗ ನಾನು ಇವುಗಳನ್ನು ಒಂದೊಂದಾಗಿ ಕಂಡುಕೊಂಡೆ.

ಮೊದಲನೆಯ ದಿನ ಆನೆಗೊಂದಿಯಲ್ಲಿಯೇ ನಡೆಯೋಣ. ಊರ ನಡುವೆ ಗಗನ ಮಹಲಿನ ಎದುರು ಗಾಡಿ ನಿಲ್ಲಿಸಿ, ರಂಗನಾಥನ ಗುಡಿಗೆ ಕೈಮುಗಿದು, ಊರಾಚೆಯ ಕಾಲುವೆ ದಾರಿಗೆ ಇಳಿದರೆ ಸಾಕು. ವಿಜಯನಗರದ ಅರಸರು ತುಂಗಭದ್ರೆಗೆ ಅಡ್ಡಲಾಗಿ ಅಲ್ಲಲ್ಲಿ ಕಲ್ಲಿನ ಒಡ್ಡುಗಳನ್ನು ಕಟ್ಟಿಸಿ, ಎರಡೂ ದಂಡೆಗಳಿಗೆ ನೀರು ತಿರುಗಿಸಿದರು. ಆ ಒಡ್ಡುಗಳಲ್ಲಿ ಒಂದು ಸಾಣಾಪುರದ ಬಳಿ ಇದೆ, ಅಲ್ಲಿಂದ ಹೊರಟ ನೀರೇ ಆನೆಗೊಂದಿಯ ಹೊಲಗಳಿಗೆ ಬರುತ್ತದೆ. ಸಾಮ್ರಾಜ್ಯ ಅಳಿದು ನಾಲ್ಕೂವರೆ ಶತಮಾನಗಳಾದ ಮೇಲೂ ಅವರ ಕಾಲುವೆಗಳು ತಮ್ಮ ಕೆಲಸ ನಿಲ್ಲಿಸಿಲ್ಲ. ಅರಮನೆಗಳ ಅಡಿಪಾಯ ಮಾತ್ರ ಉಳಿದಿರುವಾಗ ಕಾಲುವೆಗಳು ಹೇಗೆ ಉಳಿದವು ಎಂದು ಯೋಚಿಸಿದ್ದೇನೆ. ರೈತರು ವರ್ಷ ವರ್ಷವೂ ಹೂಳು ತೆಗೆದು ಅವುಗಳನ್ನು ಉಳಿಸಿಕೊಂಡು ಬಂದರು ಎಂಬುದೇ ನನಗೆ ಕಾಣುವ ಕಾರಣ.

ನೀನು ಹಳೆಯ ಉದ್ಯಾನಗಳನ್ನು ನೋಡಬೇಕೆಂದು ಕೇಳಿದ್ದೆಯಲ್ಲ, ಅದಕ್ಕೂ ಉತ್ತರ ಇಲ್ಲಿಯೇ ಇದೆ. ಹೊಳೆಯಾಚೆ ಹಂಪಿಯ ಕಮಲ ಮಹಲಿನ ಸುತ್ತಲಿನ ಹುಲ್ಲುಹಾಸು ಕಣ್ಣಿಗೆ ಹಿತವಾಗಿದೆ, ನಿಜ. ಆದರೆ ಅದು ನಮ್ಮ ಕಾಲದಲ್ಲಿ ಬೆಳೆಸಿದ್ದು. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ನಗರದ ಮನೆಮನೆಯ ತೋಟಗಳಲ್ಲಿ ಮರಗಳ ತೋಪುಗಳಿದ್ದವೆಂದೂ, ನಡುನಡುವೆ ನೀರಿನ ಕಾಲುವೆಗಳು ಹರಿಯುತ್ತಿದ್ದವೆಂದೂ, ಅಲ್ಲಲ್ಲಿ ಕೆರೆಗಳಿದ್ದವೆಂದೂ ಬರೆದಿಟ್ಟಿದ್ದಾನೆ. ಅವನು ಕಂಡ ಉದ್ಯಾನದ ವಂಶ ಎಲ್ಲಿಯಾದರೂ ಮುಂದುವರಿದಿದ್ದರೆ ಅದು ಈ ಕಾಲುವೆಗಳ ಕೆಳಗಿನ ಬಾಳೆ, ತೆಂಗಿನ ತೋಟಗಳಲ್ಲಿ ಎಂದು ನಾನು ನಂಬಿದ್ದೇನೆ. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ದಂಡೆಯ ಮೇಲೆ ನಿಂತು ನೋಡು: ಕಾಲುವೆಯ ಮೇಲ್ಭಾಗದಲ್ಲಿ ಬರೀ ಬಂಡೆ, ಮುಳ್ಳುಕಂಟಿ, ಒಣಹುಲ್ಲು, ಕೆಳಭಾಗದಲ್ಲಿ ನೆಲ ಕಾಣದಷ್ಟು ಬಾಳೆ, ಅದರಾಚೆ ಭತ್ತದ ಗದ್ದೆ, ಅದರಾಚೆ ಹೊಳೆ. ಎರಡನ್ನೂ ಬೇರೆ ಮಾಡಿರುವುದು ಎರಡು ಮಾರು ಅಗಲದ ನೀರಿನ ಗೆರೆ. ಕೆಲವೆಡೆ ಈಚೆಗೆ ಕಾಲುವೆಯ ಒಡಲಿಗೆ ಸಿಮೆಂಟು ಹಾಕಿದ್ದಾರೆ. ಕೊನೆಯ ಹೊಲದವರಿಗೆ ಬೇಗ ನೀರು ಮುಟ್ಟಲೆಂದು ಅದನ್ನು ಮಾಡಿದ್ದಾರೆಂದು ತಿಳಿದಿದ್ದರೂ, ಮಣ್ಣಿನ ದಂಡೆಯಲ್ಲಿ ಬೇರೂರಿದ್ದ ನೆರಳಿನ ಮರಗಳಿಲ್ಲದ ಕಡೆ ನಡೆಯುವಾಗ ನನಗೆ ಬೇಸರವಾಗುತ್ತದೆ. ಟೋಪಿ ತರುವುದನ್ನು ಮರೆಯಬೇಡ.

ಅದೇ ನಡಿಗೆಯನ್ನು ಹೊಳೆಯ ದಡದಲ್ಲಿ ಮುಗಿಸೋಣ. ಹುಚ್ಚಪ್ಪಯ್ಯನ ಮಠದ ನುಣುಪಾದ ಕರಿಗಲ್ಲಿನ ಕಂಬಗಳನ್ನು ನೋಡಿ, ನೀರಿನಂಚಿಗೆ ಹೋದರೆ ಹರಿಗೋಲುಗಳು ಮಗುಚಿ ಒಣಗುತ್ತಿರುತ್ತವೆ. ಬುಟ್ಟಿಯಂತೆ ದುಂಡಗಿರುವ, ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಇದೇ ಹೊಳೆಯನ್ನು ದಾಟುತ್ತಿದ್ದರೆಂದು, ಹುಟ್ಟು ಹಾಕಿದಂತೆಲ್ಲ ಅವು ಸುತ್ತುತ್ತಲೇ ಸಾಗುತ್ತಿದ್ದವೆಂದು ಪಯಸ್ ಬರೆದಿದ್ದಾನೆ. ಇಂದು ಚರ್ಮ ಹೋಗಿ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿವೆ. ಸುತ್ತುವುದು ಮಾತ್ರ ಹಾಗೆಯೇ ಇದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿದ್ದಾರೆ. ಆನೆಗೊಂದಿಯ ದಡವೂ ಅದರೊಳಗೇ ಬರುತ್ತದೆ. ಸದ್ದು ಮಾಡದೆ ಕುಳಿತರೆ ಬಂಡೆಗಳ ಸಂದಿನಲ್ಲಿ ಅವುಗಳ ತಲೆ ಕಾಣಿಸಬಹುದು. ಒಂದು ಮುಂಜಾನೆ ಮೂರು ನೀರುನಾಯಿಗಳು ಮೀನು ಹಿಡಿದು ತಿನ್ನುವುದನ್ನು ನೋಡುತ್ತ ನಾನು ಔಷಧಿಯ ಹೊತ್ತನ್ನೇ ಮರೆತಿದ್ದೆ.

ಎರಡನೆಯ ದಿನಕ್ಕೆ ಪಂಪಾ ಸರೋವರ. ಆನೆಗೊಂದಿಯಿಂದ ಅಂಜನಾದ್ರಿಗೆ ಹೋಗುವ ರಸ್ತೆಯಲ್ಲಿ ಬೆಟ್ಟಗಳ ಮಗ್ಗುಲಿಗೆ ತಿರುಗಿದರೆ ಸಿಗುವ ಈ ಪುಟ್ಟ ಕೊಳವನ್ನು ಮಾನಸ, ಬಿಂದು, ನಾರಾಯಣ, ಪುಷ್ಕರಗಳ ಜೊತೆ ಐದು ಪವಿತ್ರ ಸರೋವರಗಳಲ್ಲಿ ಒಂದೆಂದು ಎಣಿಸುತ್ತಾರೆ. ಮುಖ್ಯ ರಸ್ತೆಯಿಂದ ಒಳಗಿನ ದಾರಿ ತೀರ ಸುಲಭ. ರಾಮನ ಬರವಿಗಾಗಿ ಶಬರಿ ಕಾದದ್ದು ಇಲ್ಲಿಯೇ ಎಂಬುದು ನಮ್ಮವರ ನಂಬಿಕೆ. ಅವಳದೆಂದು ಹೇಳುವ ಗುಹೆಯೂ ಹತ್ತಿರದಲ್ಲಿದೆ, ದಡದಲ್ಲಿ ಲಕ್ಷ್ಮಿಯ ಗುಡಿಯಿದೆ. ಇಲ್ಲಿ ಹೆಚ್ಚು ನಡೆಯುವುದಕ್ಕಿಂತ ಕುಳಿತುಕೊಳ್ಳುವುದು ಒಳ್ಳೆಯದು. ವೈನಿಯವರು ತಾವರೆಗಳನ್ನು ನೋಡುತ್ತಿರಲಿ, ನಾವು ನಮ್ಮ ಹಳೆಯ ಮಾತುಗಳನ್ನು ಆಡೋಣ. ಒಂದು ಎಚ್ಚರಿಕೆ: ಹನುಮದ್ ವ್ರತದ ದಿನ ಮಾಲಾಧಾರಿಗಳು ಲಕ್ಷಗಟ್ಟಲೆ ಅಂಜನಾದ್ರಿಗೆ ಬರುತ್ತಾರೆ, ಆಗ ಈ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಪಂಚಾಂಗ ನೋಡಿಕೊಂಡು, ಮಾರ್ಗಶಿರ ಶುದ್ಧ ತ್ರಯೋದಶಿ ಕಳೆದ ನಾಲ್ಕು ದಿನಕ್ಕೆ ಹೊರಡು.

ಇನ್ನು ಸಾಣಾಪುರದ ಕೆರೆ. ಕೆರೆಯೆಂದು ಕರೆಯುತ್ತೇವೆಯೇ ಹೊರತು ಇದು ತುಂಗಭದ್ರಾ ಎಡದಂಡೆ ಕಾಲುವೆಯ ಸಮತೋಲನ ಜಲಾಶಯ. ಕಾಲುವೆಯಲ್ಲಿ ಬಂದ ನೀರನ್ನು ತಡೆದು ಹದವಾಗಿ ಮುಂದಕ್ಕೆ ಬಿಡಲು ಬಂಡೆಗಳ ನಡುವೆ ಕಟ್ಟಿದ್ದು. ಮನುಷ್ಯ ಕಟ್ಟಿದ ನೀರು ಇಷ್ಟು ಸುಂದರವಾಗಿರಬಲ್ಲದೆಂದು ನನಗೆ ಗೊತ್ತಿರಲಿಲ್ಲ. ರಸ್ತೆ ನೀರಿನ ಪಕ್ಕದಲ್ಲಿಯೇ ಸಾಗುವುದರಿಂದ ನಿನಗೆ ಬೇಕೆನಿಸಿದಷ್ಟು ನಡೆದು, ಸಾಕೆನಿಸಿದಲ್ಲಿ ತಿರುಗಿ ಬರಬಹುದು. ಸುತ್ತಲಿನ ಗ್ರಾನೈಟ್ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಒಂದರ ಮೇಲೊಂದು ಯಾರೋ ಪೇರಿಸಿಟ್ಟಂತೆ ಕಾಣುವ ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ; ಒಂದೇ ದೊಡ್ಡ ಬಂಡೆ ಬಿರುಕುಗಳ ಗುಂಟ ಮಳೆ, ಬಿಸಿಲು, ಗಾಳಿಗೆ ಸವೆದು ಇದ್ದಲ್ಲಿಯೇ ಹಾಗೆ ಬಿಡಿಬಿಡಿಯಾಗಿದೆ. ಸಂಜೆ ಐದರ ಬಿಸಿಲಿಗೆ ಅವು ಹೊಂಬಣ್ಣಕ್ಕೆ ತಿರುಗಿ ನೀರಿನಲ್ಲಿ ತಲೆಕೆಳಗಾಗಿ ನಿಲ್ಲುತ್ತವೆ. ಮಿಂಚುಳ್ಳಿ, ನೀರುಕಾಗೆ, ಬೆಳ್ಳಕ್ಕಿಗಳನ್ನಂತೂ ನೋಡಿಯೇ ನೋಡುತ್ತೀಯೆ. ಅದೃಷ್ಟವಿದ್ದರೆ ಬಂಡೆಗಾಡಿನಲ್ಲಿ ಮಾತ್ರ ಬಾಳುವ ಹಳದಿ ಕೊರಳಿನ ಪಿಕಳಾರವೂ ಸಿಕ್ಕೀತು. ನೀರಿಗೆ ಇಳಿಯುವ ಮಾತು ಮಾತ್ರ ಬೇಡ. ಇಲ್ಲಿ ಮತ್ತು ಹತ್ತಿರದ ಹೊಳೆಯಲ್ಲಿ ಮೇಲೆ ಶಾಂತವಾಗಿ ಕಾಣುವ ನೀರಿನ ಒಳಸೆಳೆತಕ್ಕೆ ಸಿಕ್ಕಿ ಹೊರಗಿನಿಂದ ಬಂದ ಪ್ರವಾಸಿಗರು ಪ್ರಾಣ ಕಳೆದುಕೊಂಡಿದ್ದಾರೆ. ಬೆಟ್ಟಸಾಲಿನಲ್ಲಿ ಚಿರತೆ, ಕರಡಿಗಳಿರುವುದರಿಂದ ಸೂರ್ಯ ಮುಳುಗುವ ಮೊದಲೇ ನಾವು ಊರು ಸೇರಿರಬೇಕು.

ಮೂರನೆಯ ದಿನ ನಿನಗೆ ದಣಿವಿಲ್ಲದಿದ್ದರೆ ಮುನಿರಾಬಾದಿಗೆ ಹೋಗಿಬರೋಣ. ತುಂಗಭದ್ರಾ ಅಣೆಕಟ್ಟೆಯ ಮಗ್ಗುಲಿನ ಪಂಪಾವನ ಜಪಾನಿ ಮಾದರಿಯ ಉದ್ಯಾನವೆಂದೇ ಹೆಸರಾದದ್ದು. ಹೂವಿನ ಪಾತಿಗಳಿಗಿಂತ ಅಲ್ಲಿನ ದೊಡ್ಡ ಮರಗಳ ನೆರಳು ನನಗೆ ಇಷ್ಟ. 1945ರಲ್ಲಿ ಕೆಲಸ ಆರಂಭವಾಗಿ 1953ರಲ್ಲಿ ನೀರು ನಿಂತ ಈ ಕಲ್ಲಿನ ಕಟ್ಟೆಗೆ 33 ಗೇಟುಗಳು. 2024ರ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋದಾಗ ಗಂಗಾವತಿಯಲ್ಲಿ ನಾವು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹೊಳೆಯ ಪಾಲಾಗುತ್ತಿದ್ದದ್ದು ನಾಟಿ ಮಾಡಿದ ಗದ್ದೆಗಳ ನೀರು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ತಡೆದರು. ಆ ಸುದ್ದಿ ಬಂದ ದಿನ ನಮ್ಮ ಓಣಿಯ ಹಿರಿಯರೊಬ್ಬರು ಅಂಗಳದಲ್ಲಿ ನಿಂತು ಹೊಳೆಯ ದಿಕ್ಕಿಗೆ ಕೈ ಮುಗಿದದ್ದನ್ನು ನೋಡಿದೆ. ಅಂದಿನಿಂದ ಕಾಲುವೆಯ ದಂಡೆಯಲ್ಲಿ ನಡೆಯುವಾಗ ನೀರಿನ ಮಟ್ಟವನ್ನು ನೋಡದೆ ಮುಂದೆ ಹೋಗಲು ನನಗೆ ಆಗುವುದಿಲ್ಲ. ಮುನಿರಾಬಾದಿನಿಂದ ಬರುವಾಗ ಹುಲಿಗೆಮ್ಮನ ದರ್ಶನವನ್ನೂ ಮಾಡಬಹುದು. ವೈನಿಯವರ ಹರಕೆಯೊಂದು ಬಾಕಿಯಿದೆಯೆಂದು ನೀನೇ ಒಮ್ಮೆ ಹೇಳಿದ್ದೆ.

ನಿನಗಾಗಿ ಒಂದು ಬಿದಿರಿನ ಕೋಲನ್ನು ತೆಗೆದಿರಿಸಿದ್ದೇನೆ, ಹಿಡಿಗೆ ಬಟ್ಟೆ ಸುತ್ತಿಸಿದ್ದೇನೆ. ಆನೆಗೊಂದಿಯ ನಡಿಗೆ ನನ್ನ ಹೆಜ್ಜೆಗೆ ಹೋಗಿಬರಲು ಒಂದೂವರೆ ಗಂಟೆ ಹಿಡಿಯುತ್ತದೆ, ನಾವು ಅದನ್ನು ಮೂರು ಗಂಟೆಯಲ್ಲಿ ಮುಗಿಸಿದರೂ ಅವಸರವಿಲ್ಲ. ದಾರಿಯ ನಡುವೆ ಒಂದು ತೂಬಿನ ಕಟ್ಟೆಯಿದೆ, ಅಲ್ಲಿ ಕುಳಿತು ಬುತ್ತಿ ಬಿಚ್ಚೋಣ. ಮಂಡಾಳ ವಗ್ಗರಣೆಯನ್ನು ಮನೆಯಿಂದ ಕಟ್ಟಿಸಿಕೊಂಡು ಹೋಗುತ್ತೇವೆ, ಮಿರ್ಚಿಯನ್ನು ಊರಲ್ಲಿ ಬಿಸಿಯಾಗಿ ಕೊಳ್ಳೋಣ. ಯಾವ ರೈಲಿಗೆ ಬರುತ್ತೀಯೆಂದು ತಿಳಿಸಿದರೆ ನಿಲ್ದಾಣಕ್ಕೆ ನಾನೇ ಬರುತ್ತೇನೆ. ವೈದ್ಯರು ದಿನಕ್ಕೆ ಎಷ್ಟು ಹೊತ್ತು ನಡೆಯಲು ಒಪ್ಪಿಗೆ ಕೊಟ್ಟಿದ್ದಾರೆಂಬುದನ್ನು ಮಾತ್ರ ಮುಚ್ಚಿಡದೆ ಬರೆ. ಅದನ್ನು ನೋಡಿಕೊಂಡು, ಎಲ್ಲೆಲ್ಲಿ ನೆರಳಿನಲ್ಲಿ ಕೂರುವುದೆಂದು ಮುಂಚೆಯೇ ಒಮ್ಮೆ ನಡೆದು ಗೊತ್ತುಮಾಡಿಕೊಂಡು ಬರುತ್ತೇನೆ.

ನಿನ್ನ ದಾರಿ ಕಾಯುವ
ಗೆಳೆಯ