ಪತಾಕ ಹಸ್ತದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನೆ ರಾತ್ರಿ ಮನೆಗೆ ಬಂದವಳೇ ಮಲಗಿಬಿಟ್ಟೆ. ಮಾತಾಡೋಕೆ ಆಗಲಿಲ್ಲ. ಅದಕ್ಕೇ ಈ ಕಾಗದ.

ನಿನ್ನೆಯ ನೃತ್ಯದಲ್ಲಿ ಗಣಪತಿ ಕಾಗೆಯಾಗಿ ಬಂದು ಅಗಸ್ತ್ಯರ ಕಮಂಡಲ ಉರುಳಿಸಿದ ಕೂಡಲೇ ನೀನು ಕಾವೇರಿಯಾಗಿ ಉಕ್ಕಿ ಬಂದೆಯಲ್ಲ, ಅಲ್ಲಿ ತಾಳ ಒಂಚೂರು ತಪ್ಪಿತು. ಪರವಾಗಿಲ್ಲ ಬಿಡು, ಬೆಟ್ಟದಿಂದ ಇಳಿಯುವವಳಿಗೆ ಎಂಥ ತಾಳ! ಆಮೇಲೆ ಎರಡೂ ಕೈಯಲ್ಲಿ ಪತಾಕ ಹಸ್ತ, ಅದೇ ಹೆಬ್ಬೆರಳು ಮಡಚಿ ಉಳಿದ ಬೆರಳು ಜೋಡಿಸಿ ಚಾಚುವ ಮುದ್ರೆ, ಹಿಡಿದು ಅಲೆ ತೋರಿಸಿದೆ ನೋಡು, ಅಜ್ಜಿ ಕೂತಲ್ಲೇ ಕೈ ಮುಗಿದರು.

ವಾಪಸ್ ಬರುವಾಗ ಮೈಸೂರು ರಸ್ತೆಯಲ್ಲಿ ವಾಸನೆ ಹೊಡೆಯಿತು. ಆಲ್ತಾದ ಕೆಂಪು ಬಣ್ಣ ಹಚ್ಚಿದ ಅದೇ ಕೈಯಲ್ಲಿ ಮೂಗು ಮುಚ್ಚಿ "ಛೀ, ಮೋರಿ" ಅಂದೆ. ಮೋರಿ ಅಲ್ಲ ಕಣೇ, ಅದು ವೃಷಭಾವತಿ ನದಿ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುತ್ತಾಳೆ ಅಂತ ನಂಬಿಕೆ. ಹೆಸರು ಬಂದಿದ್ದೂ ಹಾಗೇ.

ಇನ್ನೊಂದು ಕೇಳು. ನಮ್ಮ ನಲ್ಲಿಗೆ ಬರೋದು ಕಾವೇರಿ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಸುಮಾರು 100 ಕಿಲೋಮೀಟರ್ ದೂರ, ಪಂಪ್ ಮಾಡಿ ಮೇಲೇರಿಸಿ ತರುತ್ತಾರೆ. 1974ರಿಂದ ಹೀಗೇ ನಡೆದಿದೆ. ಈ ಕಡೆ ನಾವೆಲ್ಲ ಮಿಂದು, ಒಗೆದು, ಪಾತ್ರೆ ತೊಳೆದು ಬಿಟ್ಟ ನೀರು ಒಂದಷ್ಟು ಶುದ್ಧವಾಗಿ, ಒಂದಷ್ಟು ಹಾಗೇ ವೃಷಭಾವತಿಗೆ ಸೇರುತ್ತದೆ. ಫ್ಯಾಕ್ಟರಿಗಳದ್ದೂ ಜೊತೆಗೆ. ಅಲ್ಲಿಂದ ಅರ್ಕಾವತಿಗೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ. ವೇದಿಕೆ ಮೇಲೆ ಕಂಡ ಯಾವ ಕಾವೇರಿಗೆ ಅಜ್ಜಿ ಕೈ ಮುಗಿದರೋ, ದಾರಿಯಲ್ಲಿ ನೀನು ಛೀ ಅಂದದ್ದೂ ಅವಳಿಗೇ, ಅಲ್ವಾ?

ಕುಣಿದರೆ ನದಿ ಶುದ್ಧವಾಗುತ್ತದೆ ಅಂತ ನಾನು ಹೇಳೋದಿಲ್ಲ. ವೃಷಭಾವತಿ ಮೇಲಿನ ಆ ನೊರೆ ಇಳಿಯಬೇಕಾದರೆ ಕೊಳಚೆ ಬಿಡೋದು ನಿಲ್ಲಬೇಕು, ಅಷ್ಟೇ. ಆದರೆ ಮೋರಿ ಅಂದುಕೊಂಡರೆ ಅವಳ ಪರವಾಗಿ ಜಗಳ ಆಡೋಕೂ ಯಾರೂ ಬರೋದಿಲ್ಲ. ನೀನು ದಿನಾ ಬಾಯಿಪಾಠ ಒಪ್ಪಿಸುತ್ತೀಯಲ್ಲ, ನೃತ್ಯಶಾಸ್ತ್ರದ ಗ್ರಂಥ 'ಅಭಿನಯ ದರ್ಪಣ'ದ ಪತಾಕ ವಿನಿಯೋಗ, ಅಂದರೆ ಪತಾಕವನ್ನು ಯಾವುದಕ್ಕೆಲ್ಲ ಬಳಸಬೇಕು ಅನ್ನೋ ಶ್ಲೋಕ? "ವಾರಿವಾಹೇ, ವನೇ, ವಸ್ತುನಿಷೇಧನೇ." ಮೋಡ, ಕಾಡು, ಬೇಡ ಅನ್ನೋದು. ಸ್ವಲ್ಪ ಮುಂದೆ ಹೋದರೆ "ನದ್ಯಾಮ್." ನದಿಗೂ ಬೇಡ ಅನ್ನೋದಕ್ಕೂ ಒಂದೇ ಹಸ್ತ! ಎಷ್ಟು ಸಲ ಕೇಳಿಸಿಕೊಂಡಿದ್ದೆನೋ, ನಿನ್ನೆ ಸ್ಕೂಟರ್ ಓಡಿಸುವಾಗ ಹೊಳೆಯಿತು. ವೃಷಭಾವತಿಯನ್ನು ಕುಣಿಯೋದು ಹೇಗೆ ಅಂತ ನಿಮ್ಮ ಗುರುಗಳನ್ನು ಕೇಳು. ನೊರೆಗೆ ಯಾವ ಹಸ್ತ ಹಿಡಿಯುತ್ತಾರೋ ನೋಡೋಣ.

ರಾತ್ರಿ ನೀನು ಕಾಲು ತೊಳೆದಾಗ ಬಚ್ಚಲ ಜಾಲರಿಯಲ್ಲಿ ಕೆಂಪು ನೀರು ಸುತ್ತಿ ಸುತ್ತಿ ಇಳಿಯಿತು. ಅದೀಗ ಕೆಂಗೇರಿ ದಾಟಿರಬೇಕು.

ಭಾನುವಾರ ದೊಡ್ಡ ಬಸವಣ್ಣನ ಗುಡಿಗೆ ಹೋಗೋಣ. ಎಡಗಾಲಿನ ಗೆಜ್ಜೆಪಟ್ಟಿ ಕಿತ್ತಿದೆ, ಅದನ್ನೂ ಹೊಲಿಸಬೇಕು.

ನಿನ್ನ ಅಪ್ಪ