ಕಂಪನಿಗಳು ಒಂದಾದರೆ ನಮಗೇನು ಲಾಭ?

ಮಾನ್ಯ ಸಂಪಾದಕರೇ,

ಮೊಬೈಲ್ ಕಂಪನಿಗಳು ವಿಲೀನವಾದರೆ ನೆಟ್‌ವರ್ಕ್ ಚೆನ್ನಾಗಿ ಆಗುತ್ತದೆ ಅಂತ ಪ್ರತಿ ಸಲ ಹೇಳುತ್ತಾರೆ. 2008ರಲ್ಲಿ ಸ್ಪೈಸ್ ಕಂಪನಿ ಐಡಿಯಾ ಪಾಲಾಯಿತು. 2018ರಲ್ಲಿ ಐಡಿಯಾ, ವೊಡಾಫೋನ್ ಒಂದಾದವು, ಮರುವರ್ಷ ಟಾಟಾ ಡೊಕೊಮೊ ಗ್ರಾಹಕರು ಏರ್‌ಟೆಲ್‌ಗೆ ಹೋದರು. ಈಗ ಉಳಿದಿರುವುದು ಮೂರು ಖಾಸಗಿ ಕಂಪನಿ, ಜೊತೆಗೆ ಬಿಎಸ್‌ಎನ್‌ಎಲ್.

ಪೇಟೆಯವರಿಗೆ ಇದರ ಬಿಸಿ ಅಷ್ಟಾಗಿ ತಟ್ಟಲಿಕ್ಕಿಲ್ಲ. ಆದರೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಟೊಮೆಟೊ ಬೆಳೆದವರು ಕೋಲಾರ ಎಪಿಎಂಸಿಯ ರೇಟ್ ಕೇಳುವುದೇ ಫೋನಿನಲ್ಲಿ, ದುಡ್ಡು ಬರುವುದೂ ಫೋನಿಗೇ, ಹಾಗಿರುವಾಗ ಒಂದೇ ಜಾಗದಲ್ಲಿ ಎರಡು ಕಂಪನಿಯ ಉಪಕರಣ ಯಾಕೆ ಅಂತ ಒಂದನ್ನು ತೆಗೆದುಬಿಟ್ಟರೆ ಕಂಪನಿಗೆ ಖರ್ಚು ಉಳಿಯುತ್ತದೆ, ನಾವು ಒಟಿಪಿಗಾಗಿ ಮಹಡಿ ಹತ್ತಬೇಕು. ದೂರು ಕೊಟ್ಟರೆ 'ಸರಿಹೋಗಿದೆ' ಅಂತ ಮೆಸೇಜ್ ಬರುತ್ತದೆ. ಅದು ಮಾತ್ರ ತಪ್ಪದೆ ಬರುತ್ತದೆ!

ಬೆಲೆಯ ಕಥೆಯೂ ಅಷ್ಟೇ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೆರಡು ದಿನದ ಅಂತರದಲ್ಲಿ ದರ ಏರಿಸಿದವು. ಹೋಗೋಣ ಅಂದರೆ ಎಲ್ಲಿಗೆ? ನಂಬರ್ ಪೋರ್ಟ್ ಮಾಡುವ ಸೌಲಭ್ಯ 2011ರಿಂದ ದೇಶದಾದ್ಯಂತ ಇದೆ ನಿಜ, ಆದರೆ ಹಳ್ಳಿಯಲ್ಲಿ ಸಿಗ್ನಲ್ ಸಿಗುವ ಕಂಪನಿ ಒಂದೇ ಆದರೆ ಆ ಸೌಲಭ್ಯ ಇಟ್ಟುಕೊಂಡು ಏನು ಮಾಡುವುದು?

ಮುಂದೆ ಯಾವ ವಿಲೀನವೇ ಆಗಲಿ, ಯಾವ ಊರಿನ ಟವರ್ ನಿಲ್ಲುತ್ತದೆ ಅಂತ ಮೊದಲೇ ಪಂಚಾಯಿತಿಗೆ ತಿಳಿಸುವಂತೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) ನಿಯಮ ಮಾಡಲಿ. ಆ ಊರಿನ ಗ್ರಾಹಕರಿಗೆ ಪೋರ್ಟ್ ಮಾಡಲು, ಸಿಮ್ ಶುರುವಾದ ಅಥವಾ ಹಿಂದಿನ ಸಲ ಪೋರ್ಟ್ ಆದ ಮೇಲೆ 90 ದಿನ ಕಾಯುವ ಷರತ್ತೂ ಬೇಡ, ಉಳಿದ ರೀಚಾರ್ಜ್ ದುಡ್ಡು ವಾಪಸ್ ಕೊಡಲಿ.

— ಓದುಗ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ