ಅಪಾಯ ಎಷ್ಟು ಅಂತ ಹೇಳಿದ ಮೇಲೆ?

ಮಾನ್ಯರೇ,

ಹೋದ ವಾರ ಅಡಿಕೆ ಸುಲಿಯುವಾಗ ಮಾತು ಸ್ತನ ಕ್ಯಾನ್ಸರ್ ತಪಾಸಣೆಯ ಕಡೆ ಹೊರಳಿತು. 30 ದಾಟಿದ ಹೆಂಗಸರಿಗೆ 5 ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡುವ ಸರ್ಕಾರಿ ಕಾರ್ಯಕ್ರಮ ಇದೆ. ಆಶಾ ಕಾರ್ಯಕರ್ತೆ ಬಂದು ಕರೆದೂ ಹೋಗಿದ್ದರು. ನಮ್ಮ ಎಂಟು ಜನರಲ್ಲಿ ಹೋಗಿದ್ದು ಇಬ್ಬರೇ. 'ಏನಾದ್ರೂ ಇದೆ ಅಂದ್ಬಿಟ್ರೆ?' ಎಂದ ನನ್ನ ಓರಗಿತ್ತಿ ಮೆಟ್ಟುಗತ್ತಿಯಿಂದ ತಲೆ ಎತ್ತಲೇ ಇಲ್ಲ.

ವಯಸ್ಸು, ಮನೆತನದ ಕಾಯಿಲೆ, ಸ್ತನದ ಸಾಂದ್ರತೆ (ಕೊಬ್ಬಿಗೆ ಹೋಲಿಸಿದರೆ ಗ್ರಂಥಿ, ನಾರಿನ ಅಂಶ ಎಷ್ಟಿದೆ ಎಂಬುದು), ಜೀನ್ ಎಲ್ಲ ನೋಡಿ ಯಾರಿಗೆ ಎಷ್ಟು ಸಲ ತಪಾಸಣೆ ಎಂದು ಗೊತ್ತುಮಾಡುವ ಪದ್ಧತಿ ಈಗ ಬರುತ್ತಿದೆ. ಅಮೆರಿಕದಲ್ಲಿ 2016ರಲ್ಲಿ, ಯುರೋಪಿನಲ್ಲಿ 2019ರಲ್ಲಿ ದೊಡ್ಡ ಪ್ರಯೋಗಗಳು ಶುರುವಾದವು. ಒಳ್ಳೆಯದೇ. ಆದರೆ 'ನಿಮಗೆ ಅಪಾಯ ಜಾಸ್ತಿ' ಎಂದು ಕೇಳಿಸಿಕೊಂಡು ಬಂದವಳು ಅದನ್ನು ಯಾರ ಹತ್ತಿರ ಹೇಳಬೇಕು? ಮಗಳಿಗೆ ಗಂಡು ನೋಡುತ್ತಿದ್ದರೆ ಬಾಯಿ ಬಿಡ್ತಾಳಾ? 'ಕಡಿಮೆ' ಎಂದರೆ ಗಂಟು ಕೈಗೆ ಸಿಕ್ಕರೂ ಸುಮ್ನೆ ಇದ್ದುಬಿಡಬಹುದು, ಅಲ್ವಾ? ಈ ಕಾಯಿಲೆ ಬಂದ ಹೆಚ್ಚಿನವರ ಮನೆಯಲ್ಲಿ ಮೊದಲು ಯಾರಿಗೂ ಬಂದಿರುವುದಿಲ್ಲ. ಅಂದಹಾಗೆ, ಅಪ್ಪನ ಅಕ್ಕತಂಗಿಯರ ಕಾಯಿಲೆಯೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಅಮ್ಮನ ಕಡೆಯದಷ್ಟೇ ನೆನಪಿಟ್ಟುಕೊಳ್ಳುತ್ತಾರೆ.

ನಮ್ಮೂರಿಂದ ಶಿವಮೊಗ್ಗಕ್ಕೆ ಹೋಗಿ ಮ್ಯಾಮೊಗ್ರಾಂ (ಸ್ತನದ ಎಕ್ಸ್‌-ರೇ) ಮಾಡಿಸಲು ಪೂರ್ತಿ ಒಂದು ದಿನ ಬೇಕು. ಕೊಯ್ಲಿನಲ್ಲಿ ಯಾರು ಬಿಡ್ತಾರೆ? ಮಳೆ ಬಿಟ್ಟು ಕೊಯ್ಲು ಹಿಡಿಯುವ ಮೊದಲೇ ತಾಲ್ಲೂಕಿನಲ್ಲಿ ಶಿಬಿರ ಇಡಲಿ. ಕೂತು ಮಾತಾಡಲು ಒಬ್ಬ ನರ್ಸ್, ಬಾಗಿಲು ಹಾಕುವ ಒಂದು ಕೋಣೆ ಇರಲಿ.

– ಒಬ್ಬ ಓದುಗಳು, ಹೊಸನಗರ ತಾಲ್ಲೂಕು